ತಿರುವಿನಲ್ಲಿ ಸಿಕ್ಕ ಎಕಿಡ್ನಾ

ನಾವಿಬ್ಬರೂ ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವರು. ಸಸ್ತನಿಗಳು ಮರಿ ಹಾಕುತ್ತವೆ, ಹಕ್ಕಿಗಳು, ಹಾವು, ಹಲ್ಲಿಗಳು ಮೊಟ್ಟೆಯಿಡುತ್ತವೆ ಎಂದು ಕಪ್ಪು ಹಲಗೆಯ ಮೇಲೆ ನಡುವೆ ಗೆರೆ ಎಳೆದು ಮಕ್ಕಳಿಂದ ಬರೆಯಿಸಿದವರು. "ಕೊಳಕುಮಂಡಲ ಮರಿ ಹಾಕುತ್ತದಲ್ಲಾ ಟೀಚರ್" ಎಂದು ತೋಟದ ಮನೆಯ ಹುಡುಗನೊಬ್ಬ ಒಮ್ಮೆ ಎದ್ದು ಕೇಳಿದಾಗ, ಅವನನ್ನು ಸುಮ್ಮನೆ ಕೂರಿಸಿದ ಪಾಪವೂ ನಮ್ಮ ಲೆಕ್ಕದಲ್ಲಿದೆ. ಪಾಠದ ಕೊನೆಗೆ ಪ್ಲಾಟಿಪಸ್ ಮತ್ತು ಎಕಿಡ್ನಾ ಎಂಬ ಎರಡು ಪ್ರಾಣಿಗಳು ಮೊಟ್ಟೆಯಿಟ್ಟರೂ ಮರಿಗೆ ಹಾಲೂಡಿಸುತ್ತವೆ ಎಂಬ ಒಂದು ಸಾಲು ಬರುತ್ತಿತ್ತು. ಅದನ್ನು ಓದಿಸಿ ಮುಂದಕ್ಕೆ ಹೋಗುತ್ತಿದ್ದೆವು. ಪರೀಕ್ಷೆಗೆ ಒಂದು ಅಂಕದ ಪ್ರಶ್ನೆ, ಅಷ್ಟೇ.

ಆ ಒಂದು ಅಂಕದ ಪ್ರಶ್ನೆ 2019ರ ನವೆಂಬರಿನ ಒಂದು ಭಾನುವಾರ ನಮ್ಮ ಕಾರಿನ ಮುಂದೆ ಬಂದು ನಿಂತಿತು.

ಮಗಳ ಬಾಣಂತನಕ್ಕೆಂದು ಆ ವರ್ಷದ ಆಗಸ್ಟಿನಲ್ಲಿ ನಾವು ಆಸ್ಟ್ರೇಲಿಯಾದ ಕ್ಯಾನ್‌ಬೆರಾಕ್ಕೆ ಹೋಗಿದ್ದೆವು. ಊರಿನಿಂದ ಒಯ್ದ ಲೇಹ್ಯದ ಡಬ್ಬಿಯನ್ನು ವಿಮಾನ ನಿಲ್ದಾಣದಲ್ಲಿ ಬಿಚ್ಚಿಸಿ, ಮೂಸಿ, ಇದೇನೆಂದು ಕೇಳಿ, ನಮ್ಮ ಹರಕು ಮುರುಕು ಇಂಗ್ಲಿಷಿಗೆ ನಕ್ಕು ವಾಪಸು ಕೊಟ್ಟಿದ್ದರು. ಸೆಪ್ಟೆಂಬರ್ ಮೊದಲ ವಾರ ಮೊಮ್ಮಗಳು ಹುಟ್ಟಿದಳು. ನಲ್ವತ್ತು ದಿನದ ಪಥ್ಯ, ಎಣ್ಣೆ, ಬಿಸಿನೀರು ಎಲ್ಲವೂ ಆ ಪುಟ್ಟ ಫ್ಲಾಟಿನ ಬಚ್ಚಲಲ್ಲಿ ಸಾಂಗವಾಗಿ ನಡೆದವು. ನಲ್ವತ್ತರ ಸ್ನಾನ ಮುಗಿದ ಮೇಲೆ ಮನೆಯಲ್ಲಿ ಒಂದು ಮಾತು ಎದ್ದಿತು. ಜನವರಿ ಕೊನೆಗೆ ಮಗಳು ಕೆಲಸಕ್ಕೆ ಮರಳುತ್ತಾಳೆ, ಮಗು ಶಿಶುಪಾಲನಾ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಜಾಗವನ್ನು ಹೆರಿಗೆಗೆ ಮೊದಲೇ ಕಾದಿರಿಸಿಯೂ ಆಗಿದೆ. ಐದು ತಿಂಗಳು ತುಂಬದ ಕೂಸನ್ನು ಬೆಳಗ್ಗಿನಿಂದ ಸಂಜೆಯವರೆಗೆ ಪರರ ಕೈಗೆ ಕೊಡುವುದು! ಇದು ನಮಗೆ ನುಂಗಲಾರದ ತುತ್ತಾಯಿತು. ಜಗಳ ಎನ್ನುವಷ್ಟು ದೊಡ್ಡದೇನೂ ಆಗಲಿಲ್ಲ. ಆದರೆ ಊಟದ ಮೇಜಿನಲ್ಲಿ ಮಾತು ಕಡಿಮೆಯಾಯಿತು. "ನಿನ್ನನ್ನು ನಾವು ಹೀಗೆ ಬೆಳೆಸಲಿಲ್ಲ" ಎಂಬ ಮಾತು ನಮ್ಮಿಬ್ಬರಲ್ಲಿ ಒಬ್ಬರ ಬಾಯಿಂದ ಬಂದೂ ಹೋಯಿತು. ನಾವಿಬ್ಬರೂ ಶಾಲೆಗೆ ಹೋಗುತ್ತಿದ್ದಾಗ ಅವಳನ್ನು ನೋಡಿಕೊಂಡವರು ಅಜ್ಜಿ ಎಂಬುದನ್ನು ಅವಳು ನೆನಪಿಸಲಿಲ್ಲ. ಅದು ಅವಳ ದೊಡ್ಡತನ.

ಬಿಗಿದ ಗಾಳಿಯನ್ನು ಸಡಿಲಿಸಲೆಂದೇ ಇರಬೇಕು, ಅಳಿಯ ಆ ಭಾನುವಾರ ಎಲ್ಲರನ್ನೂ ಕಾರಿನಲ್ಲಿ ಕೂರಿಸಿ ಟಿಡ್ಬಿನ್ಬಿಲ್ಲಾ ಎಂಬ ವನ್ಯಧಾಮಕ್ಕೆ ಹೊರಟ. ನಗರದಿಂದ ನೈರುತ್ಯಕ್ಕೆ ಸುಮಾರು 40 ಕಿಲೋಮೀಟರ್. ದಾರಿಯಲ್ಲಿ ಗುಡ್ಡಗಳ ನಡುವೆ ದೈತ್ಯ ಕೊಡೆಗಳನ್ನು ಮಗುಚಿಟ್ಟಂತೆ ಬಾಹ್ಯಾಕಾಶ ಸಂಪರ್ಕ ಕೇಂದ್ರದ ಆಂಟೆನಾಗಳು ಕಾಣುತ್ತವೆ. ಆ ವರ್ಷ ಭೀಕರ ಬರ. ಹುಲ್ಲೆಲ್ಲ ಒಣಗಿ ಹಳೆ ಚಾಪೆಯ ಬಣ್ಣಕ್ಕೆ ತಿರುಗಿತ್ತು. ಉತ್ತರದ ಕಡೆ ಕಾಡ್ಗಿಚ್ಚಿನ ಸುದ್ದಿ ದಿನವೂ ಟಿವಿಯಲ್ಲಿ ಬರುತ್ತಿತ್ತು.

ಒಂದು ತಿರುವು ದಾಟಿದಾಗ ಅಳಿಯ ಗಕ್ಕನೆ ಬ್ರೇಕ್ ಹಾಕಿದ. ರಸ್ತೆಯ ನಡುವೆ ಪುಟ್ಟ ಹಲಸಿನಕಾಯಿಯೊಂದು ನಡೆದುಕೊಂಡು ಹೋಗುತ್ತಿತ್ತು.

ಬೇರೆ ಹೋಲಿಕೆ ನಮಗೆ ಹೊಳೆಯಲಿಲ್ಲ. ಕಂದು ಬಣ್ಣದ ಗುಂಡು ಮೈ, ಅದರ ತುಂಬ ತುದಿ ಕಪ್ಪಾದ ಹಳದಿ ಮುಳ್ಳುಗಳು, ಮುಂದೆ ಪೆನ್ಸಿಲಿನಂಥ ಮೂತಿ. ನಡೆಯುವಾಗ ಇಡೀ ಮೈ ತುಂಬಿದ ದೋಣಿಯ ಹಾಗೆ ಆಚೀಚೆ ಓಲಾಡುತ್ತಿತ್ತು. ಆರು ವರ್ಷದಿಂದ ಆ ದೇಶದಲ್ಲಿದ್ದರೂ ಅಳಿಯ ಎಕಿಡ್ನಾವನ್ನು ನೋಡಿದ್ದು ಐದು ಸೆಂಟಿನ ನಾಣ್ಯದ ಮೇಲೆ ಮಾತ್ರ. ನಾವು ಇಳಿದೆವು. ನಮ್ಮ ಹೆಜ್ಜೆಯ ಸದ್ದಿಗೆ ಅದು ಇದ್ದಲ್ಲೇ ಮೂತಿಯನ್ನು ಹೊಟ್ಟೆಯಡಿಗೆ ಎಳೆದುಕೊಂಡು ಮುಳ್ಳಿನ ಉಂಡೆಯಾಯಿತು. ಮಣ್ಣಿನ ನೆಲವಾಗಿದ್ದರೆ ನಿಂತ ನಿಲುವಿನಲ್ಲೇ ಕೆಳಕ್ಕೆ ಅಗೆದುಕೊಂಡು ಇಳಿದುಬಿಡುತ್ತಿತ್ತಂತೆ. ಡಾಂಬರಿನ ಮೇಲೆ ಪಾಪ ಏನು ಮಾಡೀತು? ಉಗುರಿನಿಂದ ಪರಪರ ಕೆರೆಯಿತು, ಮತ್ತೆ ಉಂಡೆಯಾಯಿತು.

ಅಷ್ಟರಲ್ಲಿ ಎದುರಿನಿಂದ ಒಂದು ಕಾರು ಬಂತು, ಹಿಂದಿನಿಂದ ಇನ್ನೊಂದು. ಇಲ್ಲಿ ಬಿಟ್ಟರೆ ಇದು ಸಾಯುವುದು ಖಂಡಿತ ಎಂದು ನಾವು ತೀರ್ಮಾನಿಸಿದೆವು. ಅಳಿಯ ಫೋಟೋ ಒಂದು ತೆಗೆದ. ಕಾಲಡಿಯ ರಬ್ಬರ್ ಮ್ಯಾಟನ್ನು ಮೊರದ ಹಾಗೆ ಅದರ ಕೆಳಗೆ ತೂರಿಸಿ, ಮಗುವಿನ ಡಯಾಪರ್ ತುಂಬಿದ್ದ ರಟ್ಟಿನ ಪೆಟ್ಟಿಗೆಯನ್ನು ಖಾಲಿ ಮಾಡಿ ಅದರೊಳಗೆ ಇಳಿಸಿದೆವು. ಹೇಗೂ ವನ್ಯಧಾಮಕ್ಕೇ ಹೋಗುತ್ತಿದ್ದೇವಲ್ಲ, ರಸ್ತೆಯಿಂದ ದೂರ, ಮರಗಳ ನಡುವೆ ಬಿಟ್ಟರಾಯಿತು. ಒಂದು ಜೀವ ಉಳಿಸಿದ ಸಂತೋಷ ನಮ್ಮ ಮುಖದಲ್ಲಿ ಎಷ್ಟಿತ್ತೆಂದರೆ, ವಾರದಿಂದ ಮುಖ ಕೊಟ್ಟು ಮಾತಾಡದಿದ್ದ ಮಗಳೂ ನಕ್ಕಳು.

ಕಾರು ಹೊರಟಿತು. ಹಿಂದಿನ ಸೀಟಿನಲ್ಲಿ ಮಗು, ನಮ್ಮ ಕಾಲ ನಡುವೆ ಪೆಟ್ಟಿಗೆ. ಒಳಗಿನಿಂದ ಉಸಿರಿನ ಸಣ್ಣ ಸದ್ದು. ಬಗ್ಗಿ ನೋಡಿದರೆ ಮೂತಿಯ ತುದಿಯಲ್ಲಿ ಸಿಂಬಳದ ಗುಳ್ಳೆ ಉಬ್ಬಿ ಒಡೆಯುತ್ತಿತ್ತು. ಪಾಪ, ನೆಗಡಿಯೇನೋ ಎಂದುಕೊಂಡೆವು. ಆ ಗುಳ್ಳೆಯ ಗುಟ್ಟು ನಮಗೆ ತಿಳಿದದ್ದು 2023ರಲ್ಲಿ, ಪಶ್ಚಿಮ ಆಸ್ಟ್ರೇಲಿಯಾದ ಕರ್ಟಿನ್ ವಿಶ್ವವಿದ್ಯಾಲಯದವರು ಶಾಖ ಗುರುತಿಸುವ ಕ್ಯಾಮೆರಾ ಹಿಡಿದು ಮಾಡಿದ ಅಧ್ಯಯನದ ಸುದ್ದಿ ಓದಿದಾಗ. ಎಕಿಡ್ನಾ ಬೆವರುವುದಿಲ್ಲ, ನಾಯಿಯ ಹಾಗೆ ನಾಲಗೆ ಚಾಚಿ ಏದುಸಿರು ಬಿಡುವುದೂ ಇಲ್ಲ. ಸೆಕೆಯಾದಾಗ ಮೂಗಿನಿಂದ ಗುಳ್ಳೆ ಊದಿ ಒಡೆದು ಮೂತಿಯ ತುದಿಯನ್ನು ಒದ್ದೆ ಮಾಡಿಕೊಳ್ಳುತ್ತದೆ. ಆ ತೇವ ಆರುವಾಗ ಮೂತಿಯೊಳಗಿನ ರಕ್ತ ತಂಪಾಗುತ್ತದೆ. ನಾವು ಅದನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಸೆಕೆಗೆ ಹಾಕಿದ್ದೆವು. ಅದು ತನ್ನ ಬೀಸಣಿಗೆಯನ್ನು ತಾನೇ ಬೀಸಿಕೊಳ್ಳುತ್ತಿತ್ತು.

ಮಗಳು ಮಗುವಿಗೆ ಹಾಲು ಕೊಡುತ್ತ ಇನ್ನೊಂದು ಕೈಯಲ್ಲಿ ಫೋನು ಹಿಡಿದಿದ್ದಳು. ವನ್ಯಜೀವಿ ರಕ್ಷಣೆಯ ಸ್ವಯಂಸೇವಕರ ನಂಬರು ಹುಡುಕಿ, "ಬಿಡುವ ಮೊದಲು ಒಂದು ಮಾತು ಕೇಳೋಣ" ಎಂದು ಕರೆ ಮಾಡಿ, ಧ್ವನಿಯನ್ನು ಎಲ್ಲರಿಗೂ ಕೇಳುವಂತೆ ಇಟ್ಟಳು. ಆ ಕಡೆಯ ಹೆಂಗಸಿನ ದನಿ ಸೌಮ್ಯವಾಗಿತ್ತು. ಗಾಯವಾಗಿದೆಯೇ? ಇಲ್ಲ. ಮೂತಿಯಲ್ಲಿ ರಕ್ತ? ಇಲ್ಲ. ನಡೆಯುತ್ತಿತ್ತೇ? ಚೆನ್ನಾಗಿಯೇ ನಡೆಯುತ್ತಿತ್ತು. ಸ್ವಲ್ಪ ಹೊತ್ತು ಆ ಕಡೆ ಮೌನ. "ಹಾಗಾದರೆ ಯಾಕೆ ಎತ್ತಿದಿರಿ?"

ನಾವು ಮುಖ ಮುಖ ನೋಡಿಕೊಂಡೆವು.

ಆಕೆ ಹೇಳಿದ್ದಿಷ್ಟು. ಪೆಟ್ಟಾಗದ ಎಕಿಡ್ನಾವನ್ನು ಎಲ್ಲಿಗೂ ಒಯ್ಯಬಾರದು. ರಸ್ತೆಯಲ್ಲಿದ್ದರೆ ಅದು ಯಾವ ಕಡೆ ಹೊರಟಿತ್ತೋ ಆ ಕಡೆಯ ಅಂಚಿಗೆ ದಾಟಿಸಿದರೆ ಸಾಕು. ಅದು ವಾಸನೆಯ ಜಾಡು ಹಿಡಿದು ಓಡಾಡುವ ಪ್ರಾಣಿ, ತನ್ನ ಜಾಗ ಬಿಟ್ಟು ಒಯ್ದರೆ ದಾರಿ ತಪ್ಪುತ್ತದೆ. ಇದು ನವೆಂಬರ್. ನಿಮ್ಮ ಪೆಟ್ಟಿಗೆಯಲ್ಲಿರುವುದು ಹೆಣ್ಣಾಗಿದ್ದರೆ, ಎಲ್ಲೋ ಒಂದು ಬಿಲದಲ್ಲಿ ಮಣ್ಣು ಮುಚ್ಚಿದ ಬಾಯಿಯ ಹಿಂದೆ ಅದರ ಮರಿ ಒಂಟಿಯಾಗಿ ಕಾಯುತ್ತಿರುತ್ತದೆ. ತಾಯಿ ಬರದಿದ್ದರೆ ಅದು ಅಲ್ಲೇ ಸಾಯುತ್ತದೆ. ಅದು ಇರುವುದು ಯಾರಿಗೂ ಗೊತ್ತಾಗುವುದೂ ಇಲ್ಲ.

"ಇದು ಹೆಣ್ಣೋ ಗಂಡೋ ತಿಳಿಯುವುದು ಹೇಗೆ?" ಎಂದು ನಮ್ಮಲ್ಲೊಬ್ಬರು ಕೇಳಿದೆವು. ಹೊರಗಿನಿಂದ ನೋಡಿ ಹೇಳುವುದು ಕಷ್ಟ ಎಂದಳಾಕೆ. ಎತ್ತಿದ ಜಾಗಕ್ಕೇ ಒಯ್ದು ಬಿಡಿ, ಬೇಗ.

ಅಳಿಯ ಕಾರು ತಿರುಗಿಸಿದ. ನಾವು ಆಗಲೇ ಒಂಬತ್ತು ಕಿಲೋಮೀಟರ್ ಬಂದಿದ್ದೆವು. ಯಾವ ತಿರುವು? ಒಬ್ಬರು ಸೇತುವೆಯ ಮುಂಚೆ ಎಂದರು, ಇನ್ನೊಬ್ಬರು ಸೇತುವೆ ದಾಟಿ ಎಂದರು. ನೀಲಗಿರಿ ಮರಗಳು, ತಂತಿಬೇಲಿ, ಒಣ ಹುಲ್ಲು. ಎಲ್ಲ ತಿರುವುಗಳೂ ಒಂದೇ ಥರ. ಎರಡು ಕಡೆ ಇಳಿದು ನೋಡಿ ಮತ್ತೆ ಹತ್ತಿದೆವು. ಕಾರಿನೊಳಗೆ ಯಾರೂ ಮಾತಾಡುತ್ತಿರಲಿಲ್ಲ. ಮಗಳು ಮಾತ್ರ ಮಗುವನ್ನು ಎದೆಗೆ ಒತ್ತಿಕೊಂಡು ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ಕೊನೆಗೆ ನೆನಪಾದದ್ದು ಅಳಿಯ ತೆಗೆದ ಫೋಟೋ. ಅದರಲ್ಲಿ ಎಕಿಡ್ನಾದ ಹಿಂದೆ ಒಂದು ವಾಲಿದ ಬೇಲಿಗೂಟ, ಅದಕ್ಕೆ ಸುತ್ತಿದ ನೀಲಿ ಹಗ್ಗ. ಆ ನೀಲಿ ಹಗ್ಗವನ್ನು ಹುಡುಕಿಕೊಂಡು ಮೆಲ್ಲನೆ ಹೋದೆವು. ಸಿಕ್ಕಿತು.

ಅದು ಹೊರಟಿದ್ದ ದಿಕ್ಕಿನ ಅಂಚಿನಲ್ಲಿ ಪೆಟ್ಟಿಗೆಯನ್ನು ಓರೆ ಮಾಡಿದೆವು. ಹೊರಗೆ ಬರಲಿಲ್ಲ, ಮುಳ್ಳುಗಳನ್ನು ರಟ್ಟಿಗೆ ಒತ್ತಿ ಕಚ್ಚಿಕೊಂಡಿತ್ತು. ಪೆಟ್ಟಿಗೆಯ ಮೂಲೆಗಳನ್ನೇ ಹರಿದೆವು. ಮಣ್ಣು ಮುಟ್ಟಿದ್ದೇ ತಡ, ನಾಲ್ಕೂ ಕಾಲಲ್ಲಿ ಅಗೆಯುತ್ತ, ಲಿಫ್ಟಿನಲ್ಲಿ ಇಳಿದಂತೆ ನೇರ ಕೆಳಕ್ಕೆ ಇಳಿಯಿತು. ಎರಡು ನಿಮಿಷದಲ್ಲಿ ನೆಲದ ಮೇಲೆ ಕಂಡದ್ದು ಮುಳ್ಳಿನ ತುದಿಗಳು ಮಾತ್ರ. ದೂರ ಹೋಗಿ ಕಾರಿನಲ್ಲಿ ಕೂತು ಕಾದೆವು. ಮುಕ್ಕಾಲು ಗಂಟೆಯ ಮೇಲೆ ಮೂತಿ ಹೊರಬಂತು, ಗಾಳಿಯನ್ನು ಮೂಸಿತು. ಮೈಮೇಲಿನ ಮಣ್ಣು ಕೊಡವಿ ಬೇಲಿಯಡಿ ನುಸುಳಿ ಹೋಯಿತು. ಅದರ ಹಿಂದಿನ ಪಾದಗಳು ಹಿಮ್ಮುಖವಾಗಿ ತಿರುಗಿರುವುದನ್ನು ಗಮನಿಸಿದ್ದು ಆಗ. ಜಾಡು ನೋಡಿದವನಿಗೆ ಬಂದಿತೋ ಹೋಯಿತೋ ಎಂಬ ಅನುಮಾನ ಬರಬೇಕು, ಹಾಗೆ. ಟಿಡ್ಬಿನ್ಬಿಲ್ಲಾಕ್ಕೆ ನಾವು ಆ ದಿನ ಹೋಗಲೇ ಇಲ್ಲ.

ಆ ರಾತ್ರಿಯಿಂದ ಊರಿಗೆ ಮರಳುವವರೆಗೆ ನಮಗೆ ಬೇರೆ ಓದಿರಲಿಲ್ಲ. ಪಾಠದಲ್ಲಿ ಹಾರಿಸಿದ ಆ ಒಂದು ಸಾಲನ್ನು ಅರುವತ್ತು ದಾಟಿದ ಮೇಲೆ ಕೂತು ಓದಿದೆವು. ಎಕಿಡ್ನಾಗಳನ್ನು ದಶಕಗಳ ಕಾಲ ಅಭ್ಯಸಿಸಿ 1968ರಲ್ಲಿ ಅವುಗಳ ಮೇಲೆಯೇ ಒಂದು ಪುಸ್ತಕ ಬರೆದ ಮರ್ವಿನ್ ಗ್ರಿಫಿತ್ಸ್ ಕೆಲಸ ಮಾಡಿದ್ದು ಇದೇ ಕ್ಯಾನ್‌ಬೆರಾದಲ್ಲಿ ಎಂಬುದೂ ಆಗಲೇ ತಿಳಿಯಿತು.

ಚಳಿಗಾಲದಲ್ಲಿ, ಅಂದರೆ ಅಲ್ಲಿನ ಜೂನ್‌ನಿಂದ ಸೆಪ್ಟೆಂಬರಿನೊಳಗೆ, ಒಂದು ಹೆಣ್ಣಿನ ಹಿಂದೆ ಹಲವು ಗಂಡುಗಳು ಸಾಲಾಗಿ ರೈಲಿನ ಬೋಗಿಗಳಂತೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ನಡೆಯುತ್ತವೆ. ಕೂಡಿದ ಮೂರು ವಾರದ ಆಸುಪಾಸಿನಲ್ಲಿ ಹೆಣ್ಣು ಒಂದೇ ಒಂದು ಮೊಟ್ಟೆಯಿಡುತ್ತದೆ. ದ್ರಾಕ್ಷಿಯಷ್ಟು ದೊಡ್ಡದು, ಚರ್ಮದಂಥ ಮೆತ್ತನೆಯ ಕವಚ. ಇಡುವುದು ಗೂಡಿನಲ್ಲಲ್ಲ, ಆ ಕಾಲಕ್ಕೆಂದೇ ಹೊಟ್ಟೆಯ ಮೇಲೆ ಮೂಡುವ ಚೀಲದೊಳಗೆ. ಹತ್ತು ದಿನಕ್ಕೆ ಮೊಟ್ಟೆಯೊಡೆದು ಬರುವ ಮರಿಗೆ ಅರ್ಧ ಗ್ರಾಂ ತೂಕವೂ ಇರುವುದಿಲ್ಲ. ಕುರುಡು, ಬೋಳು. ತಾಯಿಗೆ ಮೊಲೆತೊಟ್ಟೂ ಇಲ್ಲ! ಚೀಲದೊಳಗೆ ಎರಡು ಕಡೆ ಚರ್ಮದ ಮೇಲೆ ನೂರಕ್ಕೂ ಹೆಚ್ಚು ಸಣ್ಣ ರಂಧ್ರಗಳಿಂದ ಹಾಲು ಒಸರುತ್ತದೆ, ಮರಿ ಅದನ್ನು ಹೀರುತ್ತದೆ. ಏಳೆಂಟು ವಾರಕ್ಕೆ ಮರಿಯ ಮೈಮೇಲೆ ಮುಳ್ಳು ಮೂಡತೊಡಗುತ್ತದೆ. ಯಾವ ತಾಯಿ ತಾನೇ ಮುಳ್ಳಿನ ಮರಿಯನ್ನು ಹೊಟ್ಟೆಗೆ ಕಟ್ಟಿಕೊಂಡು ತಿರುಗಲು ಸಾಧ್ಯ? ಆಗ ಬಿಲ ತೋಡಿ, ಮರಿಯನ್ನು ಅದರೊಳಗೆ ಬಿಟ್ಟು, ಬಾಯಿಗೆ ಮಣ್ಣು ಮುಚ್ಚಿ ಇರುವೆ, ಗೆದ್ದಲು ಹುಡುಕಿಕೊಂಡು ಹೋಗುತ್ತದೆ. ಮತ್ತೆ ಬರುವುದು ಐದಾರು ದಿನಕ್ಕೊಮ್ಮೆ. ಬಂದಾಗ ಮರಿ ತನ್ನ ತೂಕದ ಐದನೇ ಒಂದು ಭಾಗದಷ್ಟು ಹಾಲನ್ನು ಒಂದೇ ಸಲಕ್ಕೆ ಕುಡಿದು, ಹೊಟ್ಟೆ ಊದಿಸಿಕೊಂಡು ಮಲಗುತ್ತದೆ. ಹೀಗೆ ಆರೇಳು ತಿಂಗಳು.

"ಐದು ದಿನ!" ಎಂದು ನಮ್ಮಿಬ್ಬರಲ್ಲಿ ಒಬ್ಬರು ಗಟ್ಟಿಯಾಗಿಯೇ ಓದಿದೆವು.

ಮಗುವಿನ ಬಟ್ಟೆ ಮಡಚುತ್ತಿದ್ದ ಮಗಳು ತಲೆ ಎತ್ತದೆ, "ಅದಕ್ಕೂ ಅಪ್ಪ ಅಮ್ಮ ಊರಿಂದ ಬಂದಿದ್ದರೆ ಗೊತ್ತಾಗುತ್ತಿತ್ತು" ಎಂದಳು. ಅಳಿಯ ಎದ್ದು ಅಡಿಗೆ ಮನೆಗೆ ಹೋದ. ನಾವು ಓದು ಮುಂದುವರಿಸಿದಂತೆ ನಟಿಸಿದೆವು.

ಓದಲು ಬೇರೆಯೂ ಬೇಕಾದಷ್ಟಿತ್ತು. ಅದಕ್ಕೆ ಹಲ್ಲಿಲ್ಲ. ಅಂಟುನಾಲಗೆ 15 ಸೆಂಟಿಮೀಟರಿಗೂ ಮಿಕ್ಕಿ ಚಾಚುತ್ತದೆ. ವಿಜ್ಞಾನಿಗಳು ಅದಕ್ಕಿಟ್ಟ ಟ್ಯಾಕಿಗ್ಲಾಸಸ್ ಎಂಬ ಹೆಸರಿನ ಅರ್ಥವೇ ಚುರುಕು ನಾಲಗೆ. ಆ ಪೆನ್ಸಿಲ್ ಮೂತಿಯ ತುದಿಯಲ್ಲಿ ಜೀವಿಗಳ ಮೈಯಿಂದ ಹೊಮ್ಮುವ ಅತಿ ಸಣ್ಣ ವಿದ್ಯುತ್ತನ್ನು ಗುರುತಿಸುವ ಸಂವೇದಕಗಳು ಸುಮಾರು 400 ಇವೆ. ಮೈಯ ಬಿಸಿ 32 ಡಿಗ್ರಿಯ ಆಸುಪಾಸು, ನಮಗಿಂತ ನಾಲ್ಕೈದು ಡಿಗ್ರಿ ಕಡಿಮೆ. ಯಾವುದಕ್ಕೂ ಅವಸರವಿಲ್ಲದ ಬದುಕು. ಮೃಗಾಲಯದಲ್ಲಿ ಒಂದು ಎಕಿಡ್ನಾ 49 ವರ್ಷ ಬದುಕಿದೆ. ನಮ್ಮ ಪಶ್ಚಿಮ ಘಟ್ಟದ ಚಿಪ್ಪುಹಂದಿಯೂ ಹೀಗೇ ಹಲ್ಲಿಲ್ಲದೆ, ಉದ್ದ ನಾಲಗೆಯಲ್ಲಿ ಇರುವೆ ಗೆದ್ದಲು ತಿಂದು, ಹೆದರಿದರೆ ಉಂಡೆಯಾಗುವ ಪ್ರಾಣಿ. ಆದರೆ ಎರಡಕ್ಕೂ ರಕ್ತಸಂಬಂಧವಿಲ್ಲ. ಚಿಪ್ಪುಹಂದಿ ಮರಿ ಹಾಕುತ್ತದೆ. ಮೊಟ್ಟೆಯಿಟ್ಟು ಹಾಲೂಡಿಸುವ ಬಳಗದಲ್ಲಿ ಇಂದು ಉಳಿದಿರುವುದು ಐದೇ ಜಾತಿ. ಒಂದು ಪ್ಲಾಟಿಪಸ್, ನಾಲ್ಕು ಎಕಿಡ್ನಾ. ಅದರಲ್ಲೊಂದು, ಡೇವಿಡ್ ಅಟೆನ್‌ಬರೋ ಅವರ ಹೆಸರಿಟ್ಟ ಉದ್ದಮೂತಿಯದು, 1961ರಲ್ಲಿ ಒಮ್ಮೆ ಸಿಕ್ಕಿದ್ದು ಬಿಟ್ಟರೆ ವಿಜ್ಞಾನಿಗಳ ಕಣ್ಣಿಗೇ ಬಿದ್ದಿರಲಿಲ್ಲ. 2023ರಲ್ಲಿ ಇಂಡೋನೇಷ್ಯಾದ ಪಪುವಾ ಪ್ರಾಂತದ ಸೈಕ್ಲೋಪ್ಸ್ ಬೆಟ್ಟದಲ್ಲಿ ಅದರ ಚಿತ್ರ ಕ್ಯಾಮೆರಾದಲ್ಲಿ ಸಿಕ್ಕಿತು.

ಯುರೋಪಿನವರು ಇದನ್ನು ಅರಿತ ಬಗೆಯೂ ನಮ್ಮ ಡಯಾಪರ್ ಪೆಟ್ಟಿಗೆಯ ಸಾಹಸಕ್ಕಿಂತ ಹೆಚ್ಚೇನೂ ಚೆನ್ನಾಗಿಲ್ಲ. 1792ರಲ್ಲಿ ಕ್ಯಾಪ್ಟನ್ ವಿಲಿಯಂ ಬ್ಲೈ ಟಾಸ್ಮೇನಿಯಾದಲ್ಲಿ ಹಡಗು ನಿಲ್ಲಿಸಿದ್ದಾಗ ಅವನ ಜನ ಒಂದನ್ನು ಕೊಂದು, ಹುರಿದು, ರುಚಿಯಾಗಿದೆ ಎಂದು ತಿಂದರು. ಬ್ಲೈ ಚಿತ್ರವನ್ನೂ ಬರೆದಿಟ್ಟ. ಇದು ಮೊಟ್ಟೆಯಿಡುತ್ತದೋ ಇಲ್ಲವೋ ಎಂಬ ತಕರಾರು ಮಾತ್ರ ಮುಂದೆ ಬಹುಕಾಲ ಮುಗಿಯಲಿಲ್ಲ. 1884ರಲ್ಲಿ ಕೇಂಬ್ರಿಜ್‌ನ ವಿಲಿಯಂ ಕಾಲ್ಡ್‌ವೆಲ್ ಕ್ವೀನ್ಸ್‌ಲ್ಯಾಂಡಿನ ಬರ್ನೆಟ್ ನದಿಯ ದಂಡೆಯಲ್ಲಿ ಬಿಡಾರ ಹೂಡಿ, ಸುಮಾರು 150 ಮೂಲನಿವಾಸಿಗಳನ್ನು ಕೆಲಸಕ್ಕಿಟ್ಟು ಸಾವಿರಕ್ಕೂ ಹೆಚ್ಚು ಎಕಿಡ್ನಾಗಳನ್ನು ಹಿಡಿಸಿ ಕೊಲ್ಲಿಸಿದ. ಮೊಟ್ಟೆಯಿಡುವುದು ನಿಜ ಎಂಬ ಅವನ ತಂತಿಯನ್ನು ಸೆಪ್ಟೆಂಬರ್ 2ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಸೇರಿದ್ದ ವಿಜ್ಞಾನಿಗಳ ಸಭೆಯಲ್ಲಿ ಓದಲಾಯಿತು. ಅದೇ ದಿನ ಅಡಿಲೇಡ್‌ನಲ್ಲಿ ವಿಲ್ಹೆಲ್ಮ್ ಹಾಕೆ ಎಂಬವನು ಕಾಂಗರೂ ದ್ವೀಪದ ಒಂದೇ ಒಂದು ಎಕಿಡ್ನಾದ ಚೀಲದಲ್ಲಿ ಬೆರಳಿಗೆ ಸಿಕ್ಕಿದ ಮೊಟ್ಟೆಯ ಚೂರನ್ನು ಸಭೆಯ ಮುಂದಿಟ್ಟಿದ್ದ. ಕಾಲ್ಡ್‌ವೆಲ್ಲನಿಗೆ ಬಿಲಗಳನ್ನು ತೋರಿಸಿದ ಆ ನೂರೈವತ್ತು ಜನರಿಗೆ, ಅವರ ಅಜ್ಜಂದಿರಿಗೆ, ಇದು ಹೊಸ ಸುದ್ದಿಯೇ ಆಗಿರಲಿಕ್ಕಿಲ್ಲ. ಅವರಲ್ಲಿ ಯಾರ ಹೆಸರೂ ನಮಗೆ ಓದಲು ಸಿಗಲಿಲ್ಲ. ತೋಟದ ಮನೆಯ ಆ ಹುಡುಗ ಆಗಾಗ ನೆನಪಾಗುತ್ತಿದ್ದ.

ಡಿಸೆಂಬರ್ ಮೊದಲ ವಾರ ನಾವು ಊರಿಗೆ ಮರಳಿದೆವು. ಹೊರಡುವ ಹಿಂದಿನ ದಿನ ಅಳಿಯನೊಡನೆ ಆ ಶಿಶುಪಾಲನಾ ಕೇಂದ್ರವನ್ನು ನೋಡಿ ಬಂದೆವು. ಪುಟ್ಟ ಪುಟ್ಟ ಮಂಚಗಳು, ಗೋಡೆಯ ಮೇಲೆ ಪ್ರತಿ ಮಗು ಎಷ್ಟು ಹೊತ್ತಿಗೆ ಹಾಲು ಕುಡಿಯಿತು ಎಂಬ ಪಟ್ಟಿ. ಕೊರತೆ ಹುಡುಕಲೆಂದೇ ಹೋಗಿದ್ದೆವು. ಕಿಟಕಿಯ ಪರದೆ ತೆಳುವಾಗಿದೆ ಎಂಬುದು ಬಿಟ್ಟರೆ ಹೆಚ್ಚೇನೂ ಸಿಗಲಿಲ್ಲ.

2020ರ ಜನವರಿ 27ರಂದು ಕ್ಯಾನ್‌ಬೆರಾದ ದಕ್ಷಿಣಕ್ಕೆ ಒರೋರಲ್ ಕಣಿವೆಯಲ್ಲಿ ಇಳಿದಿದ್ದ ಸೇನಾ ಹೆಲಿಕಾಪ್ಟರಿನ ದೀಪದ ಶಾಖಕ್ಕೆ ಒಣಹುಲ್ಲು ಹೊತ್ತಿಕೊಂಡಿತು. ನಾಲ್ಕು ದಿನದಲ್ಲಿ ಅಲ್ಲಿ ತುರ್ತುಸ್ಥಿತಿ ಸಾರಿದರು. ನಮಾಡ್ಗಿ ರಾಷ್ಟ್ರೀಯ ಉದ್ಯಾನದ ಸುಮಾರು ಶೇಕಡಾ 80ರಷ್ಟು ಸುಟ್ಟುಹೋಯಿತು, ಪಕ್ಕದ ಟಿಡ್ಬಿನ್ಬಿಲ್ಲಾದ ಒಂದು ಭಾಗಕ್ಕೂ ಬೆಂಕಿ ಹಬ್ಬಿತು. ಮಗಳು ಕೆಲಸಕ್ಕೆ ಮರಳಿದ್ದು ಅದೇ ವಾರ. ರಾತ್ರಿ ವಿಡಿಯೋದಲ್ಲಿ ಮೊದಲು ಮಗುವನ್ನು ನೋಡುತ್ತಿದ್ದೆವು, ಆಮೇಲೆ ನಕ್ಷೆಯನ್ನು. ಕಾಡು ಸುಡುವಾಗ ಎಕಿಡ್ನಾ ಓಡುವುದಿಲ್ಲ, ಮಣ್ಣಿನಡಿ ಅಥವಾ ಟೊಳ್ಳು ಮರದಲ್ಲಿ ಅಡಗಿ ಮೈಯನ್ನು ತಣ್ಣಗಾಗಿಸಿಕೊಂಡು ಜಡನಿದ್ರೆಗೆ ಇಳಿಯುತ್ತದೆ, ಬೆಂಕಿ ಆರಿದ ಮೇಲೂ ಆಹಾರ ಕಡಿಮೆಯಿರುವಾಗ ಹೀಗೆ ಮಲಗಿಯೇ ದಿನ ದೂಡುತ್ತದೆ ಎಂದು ಓದಿದ್ದು ನೆನಪಿಗೆ ತಂದುಕೊಂಡೆವು. ನಮ್ಮ ಲೆಕ್ಕದಲ್ಲಿ, ಆ ಬಿಲದಲ್ಲಿ ಮರಿಯೊಂದು ಇದ್ದದ್ದೇ ಆದರೆ, ಅದಕ್ಕೂ ಮೊಮ್ಮಗಳಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು.

ಮಾರ್ಚಿನಲ್ಲಿ ಕೊರೊನಾದಿಂದಾಗಿ ಆ ದೇಶದ ಬಾಗಿಲು ಮುಚ್ಚಿತು. ಎರಡು ವರ್ಷ ನಮಗೆ ಮೊಮ್ಮಗಳೆಂದರೆ ಅಂಗೈಯಗಲದ ಚಿತ್ರ. ಮತ್ತೆ ಹೋದದ್ದು 2023ರಲ್ಲಿ, ಅವಳಿಗೆ ನಾಲ್ಕು ತುಂಬುವ ಮೊದಲು. ವಿಮಾನ ನಿಲ್ದಾಣದಲ್ಲಿ ನಮ್ಮನ್ನು ಕಂಡು ತಾಯಿಯ ಹಿಂದೆ ಅಡಗಿದಳು. ಮೂರನೇ ದಿನ ತಾನಾಗಿ ಹತ್ತಿರ ಬಂದು, ಮುಷ್ಟಿ ಬಿಚ್ಚಿ, ಐದು ಸೆಂಟಿನ ನಾಣ್ಯವೊಂದನ್ನು ನಮ್ಮ ಮುಂದೆ ಹಿಡಿದಳು.

"ನೀವು ಕದ್ದದ್ದು ಇದನ್ನೇ ಅಲ್ವಾ?"

ಆ ಕತೆಯನ್ನು ಅವಳು ಶಿಶುಪಾಲನಾ ಕೇಂದ್ರದಲ್ಲಿ ಎಲ್ಲರಿಗೂ ಹೇಳಿಯಾಗಿತ್ತಂತೆ. ಮರುದಿನ ಅವಳೇ ನಮ್ಮನ್ನು ಆ ತಿರುವಿಗೆ ಹೊರಡಿಸಿದಳು. ಬೆಂಕಿ ಅಲ್ಲಿಯವರೆಗೆ ಬಂದಿರಲಿಲ್ಲ. ಬೇಲಿಗೂಟ ಇನ್ನಷ್ಟು ವಾಲಿತ್ತು, ನೀಲಿ ಹಗ್ಗದ ಬಣ್ಣ ಮಾಸಿತ್ತು. ಬೇಲಿಯಾಚೆ ಗೆದ್ದಲು ಹಿಡಿದ ಒಂದು ಮರದ ಬುಡದಲ್ಲಿ ಪೆನ್ಸಿಲಿನಿಂದ ಚುಚ್ಚಿದಂಥ ಗುಳಿಗಳು ಸಾಲಾಗಿದ್ದವು. ಮಣ್ಣು ಇನ್ನೂ ಹಸಿಯಾಗಿತ್ತು. ಮೊಮ್ಮಗಳು ಬೇಲಿಯ ಬಳಿ ಕುಕ್ಕರಗಾಲಿನಲ್ಲಿ ಕೂತು ಅವುಗಳನ್ನು ಎಣಿಸತೊಡಗಿದಳು. ಹತ್ತಿರ ಹೋಗಿ ನೋಡೋಣವೇ ಎಂದು ನಾವು ಕೇಳಿದೆವು. ಬೇಡ, ಇಲ್ಲಿಂದಲೇ ನೋಡಬೇಕು ಎಂದಳು.